ತಾಳೆಗರಿ ಛಾಯಾಪ್ರತಿಗಳ ದೂರಸಂಗ್ರಹ: ಸಾಗಣೆಯ ವೇಗವೂ ಪಾಠಶುದ್ಧಿಯೂ

ಮೂಡಬಿದಿರೆ, ಕಾರ್ಕಳ ಮತ್ತು ಅಳಿಯೂರುಗಳ ಜೈನ ಭಂಡಾರಗಳಲ್ಲಿದ್ದ ತಾಳೆಯೋಲೆ ಗ್ರಂಥಗಳ ಸೂಚಿಯನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ, ಅದು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದುದು ವಿದ್ವಾಂಸರಿಗೆ ವಿದಿತವೇ ಇದೆ. ಯಾವ ಗ್ರಂಥ ಎಲ್ಲಿದೆ ಎಂಬುದನ್ನು ತಿಳಿಸುವುದು ಆ ಸೂಚಿಯ ಕಾರ್ಯವಾಗಿತ್ತು. ಇಂದು ಅದೇ ಗ್ರಂಥಗಳ ಛಾಯಾಪ್ರತಿಗಳನ್ನು ತೆಗೆಯುವ ಕೆಲಸ ಕರಾವಳಿಯ ಹಲವು ಕಡೆ ನಡೆದಿದೆ, ನಡೆಯುತ್ತಲೂ ಇದೆ. ಆದರೆ ತೆಗೆದ ಚಿತ್ರಗಳು ಎಲ್ಲಿವೆ ಎಂಬ ಪ್ರಶ್ನೆಗೆ ಬಹುಮಟ್ಟಿಗೆ ಒಂದೇ ಉತ್ತರ: ಕಪಾಟಿನಲ್ಲಿಟ್ಟ ಒಂದೆರಡು ಹಾರ್ಡ್ ಡಿಸ್ಕುಗಳಲ್ಲಿ. ಚೆನ್ನಾಗಿ ಹದಮಾಡಿದ ಶ್ರೀತಾಳೆಯ ಗರಿ ಶತಮಾನಗಳ ಕಾಲ ಬಾಳುತ್ತದೆ. ಹಾರ್ಡ್ ಡಿಸ್ಕನ್ನಾದರೋ ಐದಾರು ವರ್ಷಗಳ ಬಳಿಕ ನಂಬಿ ಕೂರುವಂತಿಲ್ಲ. ಕರಾವಳಿಯ ತೇವವೂ ಉಪ್ಪುಗಾಳಿಯೂ ಆ ಅವಧಿಯನ್ನು ಹೆಚ್ಚಿಸುವುದಿಲ್ಲ. ಮೂಲವು ಗೆದ್ದಲಿಗೆ ತುತ್ತಾಗಿ, ಪ್ರತಿಯು ಡಿಸ್ಕಿನೊಡನೆ ನಷ್ಟವಾದರೆ ಸೂಚಿಯಲ್ಲಿನ ಹೆಸರು ಮಾತ್ರ ಉಳಿಯುತ್ತದೆ.

ಆದ್ದರಿಂದ ಈ ಚಿತ್ರಗಳನ್ನು ಬೇರೆ ಬೇರೆ ಊರುಗಳಲ್ಲಿ ಹಲವು ಪ್ರತಿಗಳಾಗಿ ಇರಿಸಿಕೊಳ್ಳುವ ದೂರಸಂಗ್ರಹಗಳಿಗೆ ಕಳುಹಿಸುವುದು ಅನಿವಾರ್ಯವಾಗಿದೆ. ಕಳುಹಿಸಲು ತೊಡಗಿದವರೆಲ್ಲರೂ ಮೊದಲು ಎದುರಿಸುವ ತೊಡಕು ಸಾಗಣೆಯ ನಿಧಾನಗತಿ. ತಿಂಗಳುಗಟ್ಟಲೆ ಯಂತ್ರ ನಡೆದರೂ ಕೆಲಸ ಮುಗಿಯದೆ, ಕಡೆಗೆ ಉತ್ಸಾಹವೇ ಮುಗಿಯುತ್ತದೆ. ಈ ನಿಧಾನಕ್ಕೆ ಕಾರಣಗಳು ಯಾವುವು, ಅವನ್ನು ಹೇಗೆ ನಿವಾರಿಸಬಹುದು, ನಿವಾರಿಸುವ ಭರದಲ್ಲಿ ಪಾಠವು ಕೆಡದಂತೆ ಹೇಗೆ ಕಾಯಬೇಕು ಎಂಬುದು ಇಲ್ಲಿಯ ವಿಚಾರ.

ಒಂದೇ ಕೈಯಿಂದ ನಡೆಯುವ ಪ್ರತೀಕರಣ ಎಷ್ಟು ನಿಧಾನವಾದುದು ಎಂಬುದಕ್ಕೆ ಜೈನ ಗ್ರಂಥಗಳ ಇತಿಹಾಸದಲ್ಲಿ ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳಿಗಿಂತ ಪ್ರಬಲವಾದ ನಿದರ್ಶನವಿಲ್ಲ. ಧವಲದ ಪ್ರಮಾಣ 72,000 ಶ್ಲೋಕ, ಜಯಧವಲದ್ದು 60,000. ಇವುಗಳನ್ನೂ ಮಹಾಬಂಧವನ್ನೂ ನಾಗರಿ ಹಾಗೂ ಕನ್ನಡ ಲಿಪಿಗಳಿಗೆ ಇಳಿಸುವ ಕಾರ್ಯ 1896ರಲ್ಲಿ ಆರಂಭವಾಗಿ 1922ರಲ್ಲಿ ಮುಗಿಯಿತು. ಇಪ್ಪತ್ತಾರು ವರ್ಷ ಹಿಡಿಯಿತು. ಇದಕ್ಕೆ ಪ್ರತಿಯಾಗಿ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ನೆನೆಯಬಹುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿದಳೆಂಬುದು ಪ್ರಸಿದ್ಧವಾಗಿದೆ. ಒಬ್ಬ ಲಿಪಿಕಾರ ಸಾವಿರ ಪ್ರತಿಗಳನ್ನು ಒಂದರ ಬಳಿಕ ಒಂದರಂತೆ ಬರೆಯಹೊರಟರೆ ಅವನ ಆಯುಷ್ಯ ಸಾಲದು. ಹಲವರು ಏಕಕಾಲದಲ್ಲಿ ಕುಳಿತು ಬರೆದಿರಲೇಬೇಕು. ಸಾಗಣೆಯ ವೇಗದ ಮೊದಲ ಸೂತ್ರವೂ ಇದೇ ಆಗಿದೆ: ಲೇಖನಿಯನ್ನು ಅವಸರಪಡಿಸುವುದಲ್ಲ, ಲೇಖನಿಗಳನ್ನು ಹೆಚ್ಚಿಸುವುದು.

ಮೊದಲು ಈ ಸಂಗ್ರಹದ ಸ್ವರೂಪವನ್ನು ತಿಳಿಯಬೇಕು. ಇದನ್ನು ಆಬ್ಜೆಕ್ಟ್ ಸ್ಟೋರೇಜ್ ಎನ್ನುತ್ತಾರೆ, 'ವಸ್ತುಸಂಗ್ರಹ' ಎನ್ನಬಹುದು. ಸಾಮಾನ್ಯ ಗಣಕಯಂತ್ರದಲ್ಲಿ ಕಡತಗಳು ಕಪಾಟು, ಖಾನೆ, ಒಳಖಾನೆಗಳ ಕ್ರಮದಲ್ಲಿರುತ್ತವೆ. ವಸ್ತುಸಂಗ್ರಹದಲ್ಲಿ ಖಾನೆಗಳಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಹೆಸರು, ಒಡಲು ಮತ್ತು ಅದರ ವಿವರ ಇಷ್ಟೇ. ವಿವರವೆಂಬುದು ಗ್ರಂಥಾಂತ್ಯದ ಪುಷ್ಪಿಕೆಯಂತೆ ವಸ್ತುವಿನೊಡನೆಯೇ ಇರುತ್ತದೆ. ಹೆಸರನ್ನು ಗಣಿತಕ್ಕೆ ಒಳಪಡಿಸಿ ಬಂದ ಫಲದಿಂದ ಆ ವಸ್ತು ನೂರಾರು ಯಂತ್ರಗಳ ಪೈಕಿ ಯಾವುದರಲ್ಲಿ ಇರಬೇಕೆಂಬುದನ್ನು ನಿರ್ಧರಿಸುವ ವ್ಯವಸ್ಥೆಗಳು ಅನೇಕ. ಅಮೆಜಾನ್ ಸಂಸ್ಥೆ ತನ್ನ ಎಸ್3 ಎಂಬ ವಸ್ತುಸಂಗ್ರಹವನ್ನು 2006ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಯಾರು ಬೇಕಾದರೂ ತಮ್ಮ ಯಂತ್ರಗಳಲ್ಲಿ ಸ್ಥಾಪಿಸಿಕೊಳ್ಳಬಹುದಾದ ಸೆಫ್ ಮತ್ತು ಸ್ವಿಫ್ಟ್ ಎಂಬ ಮುಕ್ತ ತಂತ್ರಾಂಶಗಳೂ ಇವೆ. ಇವುಗಳ ರೂಢಿಯ ಏರ್ಪಾಟಿನಲ್ಲಿ ಒಂದು ವಸ್ತುವಿಗೆ ಮೂರು ಪ್ರತಿ. ಸ್ವಿಫ್ಟ್ ಮೂರರಲ್ಲಿ ಎರಡು ಪ್ರತಿಗಳು ಬರೆಯಲ್ಪಟ್ಟೊಡನೆ 'ಸ್ವೀಕರಿಸಿದೆ' ಎನ್ನುತ್ತದೆ. ಸೆಫ್ ಎಲ್ಲ ಪ್ರತಿಗಳೂ ಬರೆದಾಗುವವರೆಗೆ ಕಾಯುತ್ತದೆ. ಕಳುಹಿಸುವವನ ದೃಷ್ಟಿಯಲ್ಲಿ ಈ ಕಾಯುವಿಕೆಯೂ ವೇಗದ ಲೆಕ್ಕಕ್ಕೆ ಸೇರುತ್ತದೆ.

ಈಗ ಒಂದು ಕಲ್ಪಿತ ಭಂಡಾರವನ್ನು ತೆಗೆದುಕೊಳ್ಳೋಣ. ಅದರಲ್ಲಿ 2,000 ಕಟ್ಟುಗಳು, ಕಟ್ಟಿಗೆ ನೂರು ಗರಿ. ಎರಡು ಮೈಗಳಿಂದ 4,00,000 ಚಿತ್ರಗಳು. ಒಂದು ಚಿತ್ರಕ್ಕೆ 50 ಮೆಗಾಬೈಟ್ ಎಂದರೆ ಒಟ್ಟು 20 ಟೆರಾಬೈಟ್. ಸೆಕೆಂಡಿಗೆ 20 ಮೆಗಾಬಿಟ್ ಕಳುಹಿಸುವ ಸಂಪರ್ಕವು ಸದಾ ತುಂಬಿ ಹರಿದರೂ ಇದಕ್ಕೆ ಸುಮಾರು 93 ದಿನ ಬೇಕು. 100 ಮೆಗಾಬಿಟ್ ಆದರೆ ಹದಿನೆಂಟೂವರೆ ದಿನ. ಆದರೆ ಸಂಪರ್ಕವು ಸದಾ ತುಂಬಿ ಹರಿಯುವುದಿಲ್ಲ ಎಂಬುದೇ ಇಲ್ಲಿಯ ಮುಖ್ಯ ಸಂಗತಿ. ಹಲವು ಹಳೆಯ ತಂತಿ ಸಂಪರ್ಕಗಳಲ್ಲಿ ತರಿಸಿಕೊಳ್ಳುವ ವೇಗ ಹೆಚ್ಚು, ಕಳುಹಿಸುವ ವೇಗ ಕಡಿಮೆ. ಸೇವೆ ಮಾರುವವರು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುವುದು ಮೊದಲನೆಯದನ್ನು ಮಾತ್ರ.

ಇದಕ್ಕಿಂತ ಸೂಕ್ಷ್ಮವಾದ ಕಾರಣ ದೂರ. ಕಾಪುವಿನ ದೀಪಸ್ತಂಭ 1901ರಿಂದ ಹಡಗುಗಳಿಗೆ ಬೆಳಕು ತೋರುತ್ತಿದೆ. ಬೆಳಕು ಅತ್ಯಂತ ವೇಗವುಳ್ಳದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗಾಜಿನ ತಂತುವಿನೊಳಗೆ ಅದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಚಲಿಸುತ್ತದೆ. ಕಾಪುವಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ಅಂತರವೇ ಸುಮಾರು 14,000 ಕಿಲೋಮೀಟರ್. ಹೋಗಿ ಬರುವುದಕ್ಕೆ ಕನಿಷ್ಠ ಸೆಕೆಂಡಿನ ಏಳನೆಯ ಒಂದು ಭಾಗ ಬೇಕು. ಸಮುದ್ರತಳದ ತಂತುಗಳು ನೇರವಾಗಿ ಹೋಗದ ಕಾರಣ ವಾಸ್ತವದಲ್ಲಿ ಕಾಲು ಸೆಕೆಂಡಿನ ಆಸುಪಾಸು ಆಗುತ್ತದೆ. ಕಳುಹಿಸುವ ಯಂತ್ರವು ಒಂದಿಷ್ಟು ಭಾಗವನ್ನು ಕಳುಹಿಸಿ, 'ಬಂದಿತು' ಎಂಬ ಉತ್ತರಕ್ಕಾಗಿ ಕಾಯುತ್ತದೆ. ಒಮ್ಮೆಗೆ 64 ಕಿಲೋಬೈಟ್ ಕಳುಹಿಸಿ ಕಾಲು ಸೆಕೆಂಡ್ ಕಾಯುವ ಯಂತ್ರವು, ಸಂಪರ್ಕ ಎಷ್ಟೇ ಅಗಲವಾಗಿದ್ದರೂ ಸೆಕೆಂಡಿಗೆ ಸುಮಾರು 2 ಮೆಗಾಬಿಟ್‌ಗಿಂತ ಹೆಚ್ಚು ಕಳುಹಿಸಲಾರದು. ಆ ಲೆಕ್ಕದಲ್ಲಿ ಮೇಲಿನ ಭಂಡಾರಕ್ಕೆ ಎರಡು ವರ್ಷ ಐದು ತಿಂಗಳು. ಈಚಿನ ಯಂತ್ರಗಳು ಈ 64ರ ಮಿತಿಯನ್ನು ತಾವಾಗಿಯೇ ಹಿಗ್ಗಿಸಿಕೊಳ್ಳುವುದು ನಿಜ. ಆದರೆ ದಾರಿಯಲ್ಲಿ ತುಣುಕುಗಳು ಕಳೆದುಹೋಗುವ ನಿಸ್ತಂತು ಸಂಪರ್ಕಗಳಲ್ಲಿ ಅವು ಮತ್ತೆ ಮತ್ತೆ ಹಿಂದೆಗೆದು ಆ ಸಣ್ಣ ಗಾತ್ರಕ್ಕೇ ಮರಳುತ್ತವೆ.

ಪರಿಹಾರವೆಂದರೆ ಅತ್ತಿಮಬ್ಬೆಯ ಮಾರ್ಗ. ಒಂದು ಧಾರೆ 2 ಮೆಗಾಬಿಟ್ ಒಯ್ದರೆ ಹತ್ತು ಧಾರೆಗಳು 20 ಒಯ್ಯುತ್ತವೆ. ಹತ್ತು ವಸ್ತುಗಳನ್ನು ಏಕಕಾಲದಲ್ಲಿ ಕಳುಹಿಸತೊಡಗಿದರೆ ಸಂಪರ್ಕ ತುಂಬುತ್ತದೆ. ಹಾಗೆಂದು ನೂರು ಧಾರೆ ತೆರೆದರೆ ಹತ್ತು ಪಟ್ಟು ಲಾಭವಾಗದು. ಸಂಪರ್ಕ ತುಂಬಿದ ಮೇಲೆ ಧಾರೆಗಳು ಒಂದನ್ನೊಂದು ತಳ್ಳಾಡಿ, ತುಣುಕುಗಳು ಕಳೆದು, ವೇಗ ಕುಗ್ಗುತ್ತದೆ. ನಾಲ್ಕು, ಎಂಟು, ಹದಿನಾರು ಎಂದು ಏರಿಸುತ್ತ, ಒಟ್ಟು ವೇಗ ಎಲ್ಲಿ ನಿಂತಿತೆಂದು ನೋಡಿ ಅಲ್ಲಿಯೇ ನಿಲ್ಲುವುದು ವಿವೇಕ.

ಸಣ್ಣ ವಸ್ತುಗಳ ಕಷ್ಟ ಬೇರೆಯದೇ. ಮೇಲಿನ ಭಂಡಾರದಲ್ಲಿ ಪ್ರತಿ ಚಿತ್ರಕ್ಕೂ ಒಂದು ಕಿರುಚಿತ್ರ, ಒಂದು ವಿವರಪತ್ರ ಎಂದು ಸೇರಿಸಿದರೆ 8,00,000 ಸಣ್ಣ ವಸ್ತುಗಳಾಗುತ್ತವೆ. ಅವುಗಳ ತೂಕ ಏನೂ ಇಲ್ಲ. ಆದರೆ ಪ್ರತಿಯೊಂದಕ್ಕೂ ಹೊಸದಾಗಿ ಸಂಪರ್ಕ ಕಟ್ಟುವುದು, ಗೂಢಲಿಪಿಯ ಒಪ್ಪಂದ ಮಾಡಿಕೊಳ್ಳುವುದು, ವಸ್ತುವನ್ನು ಒಪ್ಪಿಸಿ ಉತ್ತರ ಪಡೆಯುವುದು ಎಂದು ಮೂರು ಬಾರಿ ಹೋಗಿ ಬರಬೇಕಾದರೆ ಮುಕ್ಕಾಲು ಸೆಕೆಂಡ್ ವ್ಯಯವಾಗುತ್ತದೆ. ಒಟ್ಟು 6 ಲಕ್ಷ ಸೆಕೆಂಡ್, ಎಂದರೆ ಏಳು ದಿನ, ಬರಿಯ ಕಾಯುವಿಕೆ. ಒಮ್ಮೆ ಕಟ್ಟಿದ ಸಂಪರ್ಕವನ್ನೇ ಮುಂದಿನ ವಸ್ತುವಿಗೂ ಬಳಸಿದರೆ ಎರಡು ದಿನ ಏಳು ಗಂಟೆ. ಅದರ ಮೇಲೆ ಹದಿನಾರು ಧಾರೆಗಳಾದರೆ ಮೂರೂವರೆ ಗಂಟೆ. ಏಳು ದಿನಗಳ ಕೆಲಸ ಮೂರೂವರೆ ಗಂಟೆಗೆ ಇಳಿಯುವಲ್ಲಿ ಒಂದು ರೂಪಾಯಿಯ ಹೊಸ ಉಪಕರಣವೂ ಬೇಕಾಗಿಲ್ಲವೆಂಬುದು ಗಮನಾರ್ಹ. ಇನ್ನೂ ಸರಳವಾದ ಉಪಾಯವಿದೆ: ಕಟ್ಟಿನ ಕಿರುಚಿತ್ರಗಳನ್ನೂ ವಿವರಗಳನ್ನೂ ಒಂದೇ ಸಂಪುಟವಾಗಿ ಕಟ್ಟಿ ಕಳುಹಿಸುವುದು. ಗರಿಗಳ ನಡುವೆ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದ ಪೂರ್ವಸೂರಿಗಳಿಗೆ ಬಿಡಿ ಗರಿಗಳನ್ನು ಸಾಗಿಸುವ ಅಪಾಯ ತಿಳಿದಿತ್ತು.

ವಾಸ್ತವವಾಗಿ ಅಪ್‌ಲೋಡಿನ ವೇಗ ನಿರ್ಧಾರವಾಗುವುದು ಅಪ್‌ಲೋಡಿನಲ್ಲಲ್ಲ, ಕ್ಯಾಮೆರಾದ ಮುಂದೆ. ಈ ಸಂಗತಿಗೆ ಸಾಕಷ್ಟು ಗಮನ ಸಂದಿಲ್ಲ. ತಾಳೆಗರಿ ಉದ್ದವಾಗಿ ಕಿರಿದಾದುದು. ಉದ್ದವು ಅಗಲದ ಹತ್ತು ಹನ್ನೆರಡು ಪಟ್ಟು ಇರುವುದುಂಟು. ಕ್ಯಾಮೆರಾದ ಚೌಕಟ್ಟಾದರೋ ಮೂರಕ್ಕೆ ಎರಡು. ಒಂದು ಗರಿಯನ್ನು ಚೌಕಟ್ಟಿನ ಉದ್ದಕ್ಕೆ ಇರಿಸಿ ಚಿತ್ರ ತೆಗೆದರೆ ಎಂಟರಲ್ಲಿ ಒಂದು ಪಾಲು ಗರಿ, ಏಳು ಪಾಲು ಮೇಜಿನ ಬಟ್ಟೆ. 20 ಟೆರಾಬೈಟಿನ ಬಹುಭಾಗ ಈ ಬಟ್ಟೆಯ ಚಿತ್ರವೇ. ಆರು ಗರಿಗಳನ್ನು ಒಂದರ ಕೆಳಗೊಂದರಂತೆ ಇರಿಸಿ ತೆಗೆದರೆ ಅಕ್ಷರಗಳ ಸ್ಪಷ್ಟತೆ ಎಳ್ಳಷ್ಟೂ ಕುಂದದು, ಏಕೆಂದರೆ ಉದ್ದದ ಅಳತೆ ಹಾಗೆಯೇ ಇರುತ್ತದೆ. ಚಿತ್ರಗಳು 4,00,000ದಿಂದ ಸುಮಾರು 66,700ಕ್ಕೆ ಇಳಿಯುತ್ತವೆ. 20 ಮೆಗಾಬಿಟ್ ಸಂಪರ್ಕದಲ್ಲಿ 93 ದಿನಗಳ ಕೆಲಸ ಹದಿನೈದೂವರೆ ದಿನಕ್ಕೆ ಬರುತ್ತದೆ. ಬಳಿಕ ಏನನ್ನೂ ಕಳೆಯದೆ ಗಾತ್ರ ಕುಗ್ಗಿಸುವ ಜೆಪೆಗ್ 2000ದಂಥ ರೂಪಕ್ಕೆ ತಂದು ಗಾತ್ರವು ಅರ್ಧಕ್ಕೆ ಇಳಿದರೆ ಸುಮಾರು ಎಂಟು ದಿನ ಸಾಕು. ಆದರೆ ಆರು ಗರಿಗಳನ್ನು ಒಂದೇ ಚೌಕಟ್ಟಿನಲ್ಲಿಡುವಾಗ ಕ್ರಮ ತಪ್ಪುವ ಭಯವುಂಟು. ಪತ್ರಾಂಕ ಅಳಿಸಿಹೋದ ಕಟ್ಟುಗಳಲ್ಲಂತೂ ಮೇಲಿನದು ಕೆಳಗಾದರೆ ಮುಂದೆ ಸರಿಪಡಿಸುವುದು ಕಷ್ಟ. ಅಂಥವನ್ನು ಒಂದೊಂದಾಗಿಯೇ ತೆಗೆದು, ಬಟ್ಟೆಯ ಭಾಗವನ್ನು ಕತ್ತರಿಸಿ ಕಳುಹಿಸುವುದು ಲೇಸು.

ಎಲ್ಲ ಗ್ರಂಥಗಳಿಗೂ ಒಂದೇ ವಿಧಾನ ಒಗ್ಗದು ಎಂಬುದಕ್ಕೆ ಉಡುಪಿಯಲ್ಲಿಯೇ ಉದಾಹರಣೆಯಿದೆ. ಅಲ್ಲಿಯ ಮಠದಲ್ಲಿರುವ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಯೋಲೆಗಳನ್ನು ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ 2005ರ ಡಿಸೆಂಬರಿನಲ್ಲಿ ಪರಿಶೀಲಿಸಿ, 2006ರ ಜೂನಿನಲ್ಲಿ ಆರು ದಿನ ಕುಳಿತು ಚಿತ್ರೀಕರಿಸಿತು. ಕಪ್ಪುಗಟ್ಟಿದ ಗರಿಗಳಿಂದ ಅಕ್ಷರಗಳನ್ನು ಬಿಡಿಸಿ ಕಾಣಿಸಲು ಅವಕೆಂಪು ಶೋಧಕವನ್ನು ಬಳಸಲಾಯಿತು. ಒಂದೊಂದು ಗರಿಯನ್ನೂ ಎಂಟರಿಂದ ಹತ್ತು ಭಾಗಗಳಾಗಿ ತೆಗೆದು ಬಳಿಕ ಜೋಡಿಸಲಾಯಿತು. ಅಲ್ಲಿ ಮುಖ್ಯವಾದುದು ಓದಲಾಗದುದನ್ನು ಓದುವಂತೆ ಮಾಡುವುದು. ಅಂಥ ಗ್ರಂಥಕ್ಕೆ ಗಾತ್ರದ ಜಿಪುಣತನ ಸಲ್ಲದು. ಸ್ಪಷ್ಟವಾಗಿ ಕಂಟದಿಂದ ಕೊರೆದು ಮಸಿ ಹಚ್ಚಿದ ಸಾಮಾನ್ಯ ಕಟ್ಟಿಗೆ ಅದೇ ಉಪಚಾರ ಮಾಡಿದರೆ ಕೆಲಸ ಎಂದಿಗೂ ಮುಗಿಯದು.

ಕಾರ್ಕಳ ಕಾಪುಗಳಂಥ ಊರುಗಳಲ್ಲಿ ಮಳೆಗಾಲದ ಗುಡುಗು ಸಿಡಿಲು, ವಿದ್ಯುತ್ತಿನ ನಿಲುಗಡೆಗಳು ಸಾಗಣೆಯ ಇನ್ನೊಂದು ಶತ್ರು. 20 ಗಿಗಾಬೈಟಿನ ಸಂಪುಟವೊಂದು ಹತ್ತೊಂಬತ್ತನೆಯ ಗಿಗಾಬೈಟಿನಲ್ಲಿ ನಿಂತುಹೋದರೆ ಮೊದಲಿನಿಂದ ಆರಂಭಿಸಬೇಕಾದುದು ದುಸ್ಸಹ. ಇದಕ್ಕಾಗಿ ಭಾಗಶಃ ಅಪ್‌ಲೋಡ್ ಎಂಬ ವಿಧಾನವಿದೆ: ದೊಡ್ಡ ವಸ್ತುವನ್ನು ಅಂಕಿಯಿಟ್ಟ ಭಾಗಗಳಾಗಿ ಸೀಳಿ, ಭಾಗಗಳನ್ನು ಯಾವ ಕ್ರಮದಲ್ಲಾದರೂ ಸಮಾನಾಂತರವಾಗಿ ಕಳುಹಿಸಿ, ಕೊನೆಗೆ ಸಂಗ್ರಹವೇ ಅವನ್ನು ಅಂಕಿಯ ಕ್ರಮದಲ್ಲಿ ಜೋಡಿಸುವಂತೆ ಹೇಳುವುದು. ನಿಂತುಹೋದರೆ ನಷ್ಟವಾಗುವುದು ಆ ಭಾಗ ಮಾತ್ರ. ಎಸ್3ರಲ್ಲಿ ಕೊನೆಯದೊಂದನ್ನು ಬಿಟ್ಟು ಪ್ರತಿ ಭಾಗವೂ ಕನಿಷ್ಠ 5 ಮೆಗಾಬೈಟ್ ಇರಬೇಕು, ಭಾಗಗಳು 10,000 ಮೀರಬಾರದು. ಆದ್ದರಿಂದ 100 ಗಿಗಾಬೈಟಿನ ವಸ್ತುವನ್ನು 5 ಮೆಗಾಬೈಟಿನ ಭಾಗಗಳಾಗಿ ಮಾಡಹೊರಟರೆ ಅರ್ಧದಾರಿಯಲ್ಲಿ ನಿಲ್ಲಬೇಕಾಗುತ್ತದೆ. 16 ಮೆಗಾಬೈಟ್ ಇಟ್ಟುಕೊಂಡರೆ ಕ್ಷೇಮ. ಪೂರ್ಣಗೊಳಿಸದೆ ಕೈಬಿಟ್ಟ ಭಾಗಗಳು ಸಂಗ್ರಹದಲ್ಲಿ ಕಣ್ಣಿಗೆ ಬೀಳದಂತೆ ಕುಳಿತು ಬಾಡಿಗೆ ಏರಿಸುತ್ತಿರುತ್ತವೆ ಎಂಬುದನ್ನೂ ಮರೆಯಬಾರದು.

ಹೆಸರಿಡುವ ಕ್ರಮಕ್ಕೂ ವೇಗಕ್ಕೂ ಸಂಬಂಧವಿದೆ. ಎಸ್3ರಲ್ಲಿ ಒಂದೇ ಪೂರ್ವಪದದಿಂದ ಆರಂಭವಾಗುವ ಹೆಸರುಗಳ ಗುಂಪು ಸೆಕೆಂಡಿಗೆ ಕನಿಷ್ಠ 3,500 ಬರವಣಿಗೆಗಳನ್ನು ತಾಳುತ್ತದೆ; ಯಾವ ಮಠದ ಸಂಪರ್ಕವೂ ಆ ಮಿತಿಯನ್ನು ಮುಟ್ಟಲಾರದು, ಆದ್ದರಿಂದ ಅದರ ಚಿಂತೆ ಬೇಡ. ಸ್ವಂತ ಯಂತ್ರಗಳಲ್ಲಿ ಸೆಫ್ ಇರಿಸಿಕೊಂಡವರು ಮಾತ್ರ ಎಚ್ಚರದಿಂದಿರಬೇಕು. ಅಲ್ಲಿ ಒಂದು ಪಾತ್ರೆಯೊಳಗಿನ ವಸ್ತುಗಳ ಸೂಚಿಯನ್ನು ತುಂಡುಗಳಾಗಿ ಹಂಚಿರುತ್ತಾರೆ. ರೂಢಿಯಂತೆ ತುಂಡೊಂದಕ್ಕೆ 1,00,000 ಹೆಸರು. ಅದು ಮೀರಿದಾಗ ಸೂಚಿಯನ್ನು ಮರುಹಂಚುವ ಹೊತ್ತಿನಲ್ಲಿ ಬರವಣಿಗೆ ತಡೆಯುತ್ತದೆ. ಲಕ್ಷಾಂತರ ವಸ್ತುಗಳು ಬರುವುದು ಮೊದಲೇ ತಿಳಿದಿದ್ದರೆ ತುಂಡುಗಳ ಸಂಖ್ಯೆಯನ್ನು ಆರಂಭದಲ್ಲಿಯೇ ಹೆಚ್ಚಿಸಿಡಬೇಕು.

ಹಣವಿಲ್ಲದ ಸಂಸ್ಥೆಗಳು ಸಹಜವಾಗಿ ಆಶ್ರಯಿಸುವುದು 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವನ್ನು. ಅದರ ರಚನೆ ಸ್ವಲ್ಪ ಭಿನ್ನ. ಅಲ್ಲಿ ಒಂದು ಗ್ರಂಥಕ್ಕೆ ಒಂದು 'ಐಟಂ'. ಅದರ ಕಡತಗಳೆಲ್ಲ ಒಂದೆಡೆ ಇರುತ್ತವೆ. ಒಂದೇ ಐಟಂಗೆ ಸೇರಿದ ಕೆಲಸಗಳು ಸರದಿಯಲ್ಲಿ, ಒಂದರ ಬಳಿಕ ಒಂದರಂತೆ ನಡೆಯುತ್ತವೆ. ಆದ್ದರಿಂದ ಒಂದು ಕಟ್ಟಿನ ನೂರು ಚಿತ್ರಗಳನ್ನು ಒಮ್ಮೆಗೆ ತುರುಕುವುದರಿಂದ ಲಾಭವಿಲ್ಲ. ಬೇರೆ ಬೇರೆ ಕಟ್ಟುಗಳನ್ನು ಬೇರೆ ಬೇರೆ ಐಟಂಗಳಿಗೆ ಸಮಾನಾಂತರವಾಗಿ ಕಳುಹಿಸಬೇಕು. ಪ್ರತಿ ಕಡತ ಸೇರಿದಾಗಲೂ ಓದುವ ರೂಪಗಳನ್ನು ತಯಾರಿಸುವ ಕೆಲಸ ತಾನಾಗಿ ಹೂಡಲ್ಪಡುತ್ತದೆ. ಅದನ್ನು ತಡೆಹಿಡಿಯುವ ಸೂಚನೆಯೊಡನೆ ಕಳುಹಿಸಿ, ಕೊನೆಯ ಕಡತ ಸೇರಿದ ಬಳಿಕ ಒಮ್ಮೆ ಮಾತ್ರ ಮಾಡಿಸುವುದು ಸರಿ. 'ನಿಧಾನಿಸು' ಎಂಬ ಉತ್ತರ ಬಂದಾಗ ಒಡನೆ ಮರಳಿ ಪ್ರಯತ್ನಿಸದೆ, ಕಾಯುವ ಕಾಲವನ್ನು ಪ್ರತಿಸಲ ಇಮ್ಮಡಿಸುತ್ತ ಹೋಗುವುದು ವಾಡಿಕೆ. ಎಲ್ಲರೂ ಒಟ್ಟಿಗೆ ಬಾಗಿಲು ಬಡಿದರೆ ಯಾರಿಗೂ ತೆರೆಯಲಾಗದು.

ಇಷ್ಟೆಲ್ಲ ವೇಗ ಸಾಧಿಸಿದ ಮೇಲೆ ಉಳಿಯುವುದು ಸೇರಿದ್ದು ಸರಿಯಾಗಿ ಸೇರಿತೇ ಎಂಬ ಪ್ರಶ್ನೆ. ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಪದದ ವಿಷಯವಾಗಿ ನಡೆದ ವಿವಾದವನ್ನು ಪಂಡಿತರಿಗೆ ವಿವರಿಸಬೇಕಾಗಿಲ್ಲ. ಹೊರಗೆ ಹರಡಿದ ಪ್ರತಿಗಳಲ್ಲಿ ಆ ಪದವಿರಲಿಲ್ಲ. ಧವಲದ ಮೊದಲ ಸಂಪುಟವನ್ನು 1939ರಲ್ಲಿ ಪ್ರಕಟಿಸಿದ ಹೀರಾಲಾಲ್ ಜೈನ್ ಅವರ ಸಂಪಾದಕ ಮಂಡಲಿ ಅದು ಅಲ್ಲಿರಬೇಕೆಂದು ಟೀಕೆಯ ಆಧಾರದಿಂದ ಊಹಿಸಿತು. ಮುಂದೆ ಮೂಡಬಿದಿರೆಯ ತಾಳೆಯೋಲೆಯೊಡನೆ ಹೋಲಿಸಿದಾಗ ಪದವು ದೊರೆಯಿತು. ಲಿಪಿಕಾರನ ಕಣ್ಣು ತಪ್ಪಿದ ಮೂರಕ್ಷರದಿಂದ ಸಮಾಜದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಮೂಲ ಉಳಿದಿದ್ದುದರಿಂದ ನಿರ್ಣಯ ಸಾಧ್ಯವಾಯಿತು.

ಪೂರ್ವದ ಲಿಪಿಕಾರರು ಕೊನೆಯಲ್ಲಿ ಗ್ರಂಥಪ್ರಮಾಣವನ್ನು, ಮೂವತ್ತೆರಡು ಅಕ್ಷರಗಳ ಲೆಕ್ಕದಲ್ಲಿ, ಬರೆದಿಡುತ್ತಿದ್ದರು. ಏನಾದರೂ ಬಿಟ್ಟುಹೋಗಿದೆಯೇ ಎಂಬುದನ್ನು ಅದು ಸ್ಥೂಲವಾಗಿ ತಿಳಿಸುತ್ತದೆ. ಒಂದಕ್ಷರದ ಬದಲು ಇನ್ನೊಂದು ಬಂದಿದ್ದರೆ ತಿಳಿಸದು. ಇಂದಿನ ಚೆಕ್‌ಸಮ್ ಎರಡನ್ನೂ ಹಿಡಿಯುತ್ತದೆ. ಕಡತವನ್ನೆಲ್ಲ ಗಣಿತಕ್ಕೆ ಒಳಪಡಿಸಿ ಪಡೆದ ಕಿರು ಅಂಕಿತ ಅದು. ಒಳಗೆ ಒಂದು ಬಿಂದು ಬದಲಾದರೂ ಅಂಕಿತ ಬೇರೆಯಾಗುತ್ತದೆ. ಆದರೆ ಇದರಲ್ಲಿ ಎರಡು ಎಡವುಗಲ್ಲುಗಳಿವೆ. ಎಸ್3 ಭಾಗಶಃ ಅಪ್‌ಲೋಡ್ ಮಾಡಿದ ವಸ್ತುವಿಗೆ ಕೊಡುವ ಈಟ್ಯಾಗ್ ಎಂಬ ಅಂಕಿತವು ಇಡೀ ವಸ್ತುವಿನ ಎಂಡಿ5 ಅಲ್ಲ; ಭಾಗಗಳ ಅಂಕಿತಗಳನ್ನು ಕೂಡಿಸಿ ತೆಗೆದ ಇನ್ನೊಂದು ಅಂಕಿತ. ಅದನ್ನು ಮನೆಯ ಕಡತದ ಅಂಕಿತದೊಡನೆ ಹೋಲಿಸಿದವರಿಗೆ ಎಲ್ಲವೂ ಕೆಟ್ಟಂತೆ ತೋರಿ, ಸರಿಯಾಗಿದ್ದುದನ್ನೇ ಮರಳಿ ಕಳುಹಿಸುವ ಶ್ರಮವಾಗುತ್ತದೆ. ಎರಡನೆಯದು, ಅಂಕಿತವನ್ನು ಕಳುಹಿಸುವ ದಿನ ತೆಗೆದರೆ ತಡವಾಯಿತು. ಡಿಸ್ಕಿನಲ್ಲಿ ಆಗಲೇ ಕೆಟ್ಟ ಚಿತ್ರದ ಅಂಕಿತವೂ ಸಂಗ್ರಹದಲ್ಲಿನ ಕೆಟ್ಟ ಚಿತ್ರದ ಅಂಕಿತವೂ ತಾಳೆಯಾಗುತ್ತವೆ! ಚಿತ್ರ ತೆಗೆದ ದಿನವೇ ಅಂಕಿತ ತೆಗೆದಿಡಬೇಕು. ಇದರಿಂದ ವೇಗಕ್ಕೂ ಲಾಭವಿದೆ: ನಿಂತ ಸಾಗಣೆಯನ್ನು ಮುಂದುವರಿಸುವಾಗ ಯಾವುದು ಸೇರಿದೆ, ಯಾವುದು ಉಳಿದಿದೆ ಎಂದು ತಿಳಿಯಲು 20 ಟೆರಾಬೈಟನ್ನು ಡಿಸ್ಕಿನಿಂದ ಮತ್ತೆ ಓದಬೇಕಾಗಿಲ್ಲ, ಪಟ್ಟಿಗಳನ್ನು ಹೋಲಿಸಿದರೆ ಸಾಕು.

ಕೊನೆಯದಾಗಿ ಅತ್ಯಂತ ಹಳೆಯ ಸಾಗಣೆಯ ಮಾರ್ಗವನ್ನೂ ಕಡೆಗಣಿಸಬಾರದು. ಕಾರ್ಕಳದಲ್ಲಿ ಸಂಪರ್ಕ ದುರ್ಬಲವಾಗಿದ್ದು, ಮಣಿಪಾಲದಂಥ ವಿದ್ಯಾಕೇಂದ್ರದಲ್ಲಿ ಒಳ್ಳೆಯ ಸಂಪರ್ಕ ದೊರೆಯುವುದಾದರೆ ಡಿಸ್ಕುಗಳನ್ನು ಚೀಲದಲ್ಲಿಟ್ಟು ಬಸ್ಸು ಹತ್ತುವುದೇ ಮೇಲು. 20 ಟೆರಾಬೈಟು ಒಂದು ಗಂಟೆಯಲ್ಲಿ ತಲುಪಿತೆಂದರೆ ಸೆಕೆಂಡಿಗೆ 44 ಗಿಗಾಬಿಟ್ ವೇಗವಾಯಿತು. ಈ ಪ್ರಾಂತದ ಯಾವ ಮಠಕ್ಕೂ ಅಂಥ ತಂತು ಬಂದಿಲ್ಲ. ಒಯ್ಯುವಾಗ ಇನ್ನೊಂದು ಪ್ರತಿ ಭಂಡಾರದಲ್ಲಿಯೇ ಉಳಿದಿರಬೇಕೆಂಬುದು ಹೇಳಬೇಕಾದ ಮಾತಲ್ಲ.

ಕೇಂದ್ರ ಸರ್ಕಾರ 2025ರ ಮುಂಗಡಪತ್ರದಲ್ಲಿ ಘೋಷಿಸಿದ ಜ್ಞಾನಭಾರತಂ ಯೋಜನೆಯು ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಹಾಗೂ ಸಂರಕ್ಷಣೆಯನ್ನು ಉದ್ದೇಶಿಸಿದೆ. ಕರಾವಳಿಯ ಭಂಡಾರಗಳ ಸರದಿ ಬಂದಾಗ ಸಿದ್ಧವಾಗಿರಬೇಕಾದುದು ದೊಡ್ಡ ಯಂತ್ರಗಳಲ್ಲ. ಕಟ್ಟಿನ ಸಂಖ್ಯೆ, ಗರಿಗಳ ಎಣಿಕೆ, ಚಿತ್ರಗಳ ಹೆಸರು, ಚಿತ್ರ ತೆಗೆದ ದಿನದ ಅಂಕಿತ, ಕಳುಹಿಸಿದ ದಿನ, ಸೇರಿದ ಬಳಿಕ ತಾಳೆ ನೋಡಿದವರ ಸಹಿ ಇಷ್ಟುಳ್ಳ ಒಂದು ಪಟ್ಟಿ ಸಾಕು. ಜೀರ್ಣವಾದ, ಬೇರೆಲ್ಲೂ ಪ್ರತಿಯಿಲ್ಲದ ಕಟ್ಟುಗಳು ಆ ಪಟ್ಟಿಯಲ್ಲಿ ಮೊದಲು ಬರಲಿ. ಅಚ್ಚಾಗಿರುವ ಪುರಾಣಗಳ ಹತ್ತನೆಯ ಪ್ರತಿಗಳು ಕಾಯಬಹುದು. ಪಟ್ಟಿಯ ಒಂದು ಪ್ರತಿಯನ್ನು ಒಳ್ಳೆಯ ಕಾಗದದ ಮೇಲೆ ಅಚ್ಚು ತೆಗೆದು, ಕಟ್ಟನ್ನು ಸುತ್ತಿದ ಬಟ್ಟೆಯೊಳಗೆ, ಮೇಲಿನ ಹಲಗೆಯ ಮೇಲಿರಿಸಿ ಕಟ್ಟಬೇಕು.